ಝಡ್ ಡ್ರೈವ್ ಬರುತ್ತಿಲ್ಲವೇ? ಆಫೀಸಿನ ಕಂಪ್ಯೂಟರ್‌ಗಳಲ್ಲಿ ಲಾಗಾನ್ ಸ್ಕ್ರಿಪ್ಟ್ ಕೈಕೊಟ್ಟಾಗ ಹುಡುಕುವ ದಾರಿ

"ಸರ್, ಝಡ್ ಡ್ರೈವ್ ಕಾಣ್ತಿಲ್ಲ ನೋಡ್ರಿ." ದಾವಣಗೆರೆಯ ಪಿ.ಬಿ. ರಸ್ತೆಯ ಆಡಿಟರ್ ಆಫೀಸಾಗಲಿ, ಚಿತ್ರದುರ್ಗದ ಯಾವುದೋ ಸೊಸೈಟಿಯ ಬ್ರಾಂಚ್ ಆಗಲಿ, ಬೆಳಗ್ಗೆ ಹತ್ತೂವರೆಗೆ ಬರುವ ಫೋನ್ ಇದೇ. ಝಡ್ ಡ್ರೈವ್ ಅಂದರೆ ಸರ್ವರ್‌ನಲ್ಲಿ ಎಲ್ಲರೂ ಬಳಸುವ ಫೋಲ್ಡರ್. ಲಾಗಾನ್ ಸ್ಕ್ರಿಪ್ಟ್ ಓಡಿಲ್ಲ ಅಂತ ಯಾರೂ ಹೇಳುವುದಿಲ್ಲ. ಡ್ರೈವ್ ಇಲ್ಲ, ಪ್ರಿಂಟರ್ ಇಲ್ಲ, ಟ್ಯಾಲಿಯಲ್ಲಿ ಕಂಪನಿ ಲಿಸ್ಟ್ ಖಾಲಿ. ಅವರಿಗೆ ಕಾಣುವುದು ಇಷ್ಟೇ.

ಸರ್ವರ್ ಇಟ್ಟುಕೊಂಡು ಡೊಮೈನ್ (ಎಲ್ಲ ಕಂಪ್ಯೂಟರ್, ಅಕೌಂಟ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆ) ಮಾಡಿಕೊಂಡಿರುವ ಆಫೀಸುಗಳಲ್ಲಿ, ನೌಕರರು ಲಾಗಿನ್ ಆದ ತಕ್ಷಣ ಸರ್ವರ್‌ನ ನೆಟ್‌ಲಾಗಾನ್ ಫೋಲ್ಡರಿನಿಂದಲೋ ಗ್ರೂಪ್ ಪಾಲಿಸಿಯಿಂದಲೋ (ಸರ್ವರ್‌ನಿಂದ ಎಲ್ಲರಿಗೂ ಹೋಗುವ ಸೆಟ್ಟಿಂಗ್) ಒಂದು ಚಿಕ್ಕ ಫೈಲ್ ಓಡುತ್ತದೆ. ಅದೇ ಲಾಗಾನ್ ಸ್ಕ್ರಿಪ್ಟ್. ಡ್ರೈವ್ ಜೋಡಿಸುವುದು, ಪ್ರಿಂಟರ್ ಸೇರಿಸುವುದು ಅದರ ಕೆಲಸ. ಅದು ಕೈಕೊಟ್ಟಾಗ ಎಲ್ಲರೂ ಮೊದಲು ಸ್ಕ್ರಿಪ್ಟ್ ತೆರೆದು ತಿದ್ದಲು ಕೂರುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ನಿನ್ನೆವರೆಗೆ ಓಡುತ್ತಿದ್ದ ಸ್ಕ್ರಿಪ್ಟ್ ರಾತ್ರೋರಾತ್ರಿ ತಾನಾಗಿ ಕೆಡುವುದಿಲ್ಲ. ಸ್ಕ್ರಿಪ್ಟ್ ಓಡಲೇ ಇಲ್ಲವೋ, ಓಡಿ ಮಧ್ಯದಲ್ಲಿ ಬಿತ್ತೋ, ಪೂರ್ತಿ ಓಡಿಯೂ ಫಲ ಕಾಣುತ್ತಿಲ್ಲವೋ? ಈ ಮೂರರಲ್ಲಿ ಯಾವುದು ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಮೂರಕ್ಕೂ ಮದ್ದು ಬೇರೆ ಬೇರೆ.

ಫೋನ್‌ನಲ್ಲೇ ಎರಡು ವಿಷಯ ಕೇಳಿಕೊಳ್ಳಿ. ಒಬ್ಬರಿಗೋ, ಎಲ್ಲರಿಗೋ? ಇವತ್ತು ಶುರುವಾಗಿದ್ದೋ, ಈ ಕಂಪ್ಯೂಟರ್‌ನಲ್ಲಿ ಮೊದಲಿಂದಲೂ ಹೀಗೋ?

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಒಬ್ಬರಿಗೆ ಮಾತ್ರ ಇಲ್ಲ, ಪಕ್ಕದ ಟೇಬಲ್‌ನಲ್ಲಿ ಬಂದಿದೆ

"ನಿನ್ನೆ ಸಂಜೆ ಹೋಗುವಾಗ ಏನು ಮಾಡಿದ್ರಿ ಮೇಡಂ?" ಅಂತ ಕೇಳಿ. ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋದೆ ಅಂದರೆ ಉತ್ತರ ಸಿಕ್ಕಿತು. ಲಾಗಾನ್ ಸ್ಕ್ರಿಪ್ಟ್ ಓಡುವುದು ಹೊಸದಾಗಿ ಲಾಗಿನ್ ಆದಾಗ ಮಾತ್ರ. ಲಾಕ್ ಮಾಡಿ ಮತ್ತೆ ಪಾಸ್‌ವರ್ಡ್ ಹಾಕಿದರೆ ಅದು ಲಾಗಿನ್ ಅಲ್ಲ, ಬರೀ ಬೀಗ ತೆಗೆದಂತೆ. ಸ್ಲೀಪ್‌ನಿಂದ ಎದ್ದಾಗಲೂ ಅಷ್ಟೇ. ಕಡಿದುಹೋದ ರಿಮೋಟ್ ಡೆಸ್ಕ್‌ಟಾಪ್‌ಗೆ ವಾಪಸ್ ಸೇರಿಕೊಂಡಾಗಲೂ ಅಷ್ಟೇ. ಸೈನ್ ಔಟ್ ಮಾಡಿ ಮತ್ತೆ ಒಳಗೆ ಬರಲು ಹೇಳಿ. ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಕೇಬಲ್. ಸಿಪಿಯು ಹಿಂದೆ ಲ್ಯಾನ್ ಪೋರ್ಟ್‌ನ ದೀಪ ಮಿನುಗುತ್ತಿದೆಯಾ ನೋಡಿ. "ಲಾಗಿನ್ ಆಯ್ತಲ್ಲ ಸರ್, ನೆಟ್‌ವರ್ಕ್ ಸರಿ ಇದೆ" ಅನ್ನುವುದನ್ನು ನಂಬಬೇಡಿ. ವಿಂಡೋಸ್ ಆ ಕಂಪ್ಯೂಟರ್‌ಗೆ ಹಿಂದೆ ಬಂದವರ ಲಾಗಿನ್ ವಿವರ ನೆನಪಿಟ್ಟುಕೊಂಡಿರುತ್ತದೆ. ಮಾಮೂಲಿ ಲೆಕ್ಕ 10. ಕೇಬಲ್ ಕಿತ್ತಿಟ್ಟರೂ ಆ ನೆನಪಿನ ಮೇಲೇ ಒಳಗೆ ಬಿಡುತ್ತದೆ. ಲಾಗಿನ್ ಆಗುತ್ತದೆ, ಸರ್ವರ್ ಸಿಗುವುದಿಲ್ಲ, ಸ್ಕ್ರಿಪ್ಟ್ ಬರುವುದಿಲ್ಲ. ಹತ್ತಿ ಗೋದಾಮು, ಮಂಡಕ್ಕಿ ಭಟ್ಟಿ ಪಕ್ಕದ ಆಫೀಸುಗಳಲ್ಲಿ ಧೂಳು ತುಂಬಿದ ಸಾಕೆಟ್ ಸಾಮಾನ್ಯ. ಪಿನ್ ತೆಗೆದು ಒರೆಸಿ ಮತ್ತೆ ಹಾಕಿದರೆ ಸಾಕಾಗುತ್ತದೆ.

ಕೇಬಲ್ ಸರಿ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು 'ಹೂಆಮ್‌ಐ' ಅಂತ ಕೊಡಿ. ಸ್ಲ್ಯಾಶ್‌ಗಿಂತ ಮುಂಚೆ ನಿಮ್ಮ ಡೊಮೈನ್ ಹೆಸರು ಬರಬೇಕು. ಅದರ ಬದಲು ಕಂಪ್ಯೂಟರ್‌ನ ಹೆಸರೇ ಬಂದರೆ ಅವರು ಲೋಕಲ್ ಅಕೌಂಟ್‌ನಲ್ಲಿ, ಅಂದರೆ ಆ ಕಂಪ್ಯೂಟರ್‌ಗಷ್ಟೇ ಸೇರಿದ ಅಕೌಂಟ್‌ನಲ್ಲಿ, ಇದ್ದಾರೆ. ಡೊಮೈನ್ ಸ್ಕ್ರಿಪ್ಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ರಿಪೇರಿಗೆ ಬಂದ ಹುಡುಗ ಲೋಕಲ್ ಅಕೌಂಟ್ ಮಾಡಿ ಹಾಗೇ ಬಿಟ್ಟು ಹೋಗಿರುವುದು ಜಾಸ್ತಿ.

ಹೊಸ ಲ್ಯಾಪ್‌ಟಾಪ್ ಆದರೆ ಇನ್ನೊಂದು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಅಬೌಟ್. ವಿಂಡೋಸ್ ಹೋಮ್ ಅಥವಾ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಅಂತ ಇದ್ದರೆ ಅದನ್ನು ಡೊಮೈನ್‌ಗೆ ಸೇರಿಸಲು ಆಗುವುದೇ ಇಲ್ಲ. ಪ್ರೊ ಆವೃತ್ತಿ ಬೇಕು. ಅಂಗಡಿಯಲ್ಲಿ ಆಫರ್‌ಗೆ ಸಿಗುವ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಇರುವುದೇ ಹೆಚ್ಚು. ಖರೀದಿಗೆ ಮುಂಚೆ ಕೇಳಿದ್ದರೆ ಹಣ ಉಳಿಯುತ್ತಿತ್ತು. ಈಗ ಪ್ರೊಗೆ ಅಪ್‌ಗ್ರೇಡ್ ಮಾಡಿಸುವುದೇ ದಾರಿ.

ಬರುತ್ತದೆ, ಆದರೆ ಐದು ನಿಮಿಷ ಆದ ಮೇಲೆ

ಇದು ದೋಷವೇ ಅಲ್ಲ. ವಿಂಡೋಸ್ 8.1 ಬಂದಾಗಿನಿಂದ ಗ್ರೂಪ್ ಪಾಲಿಸಿ ಮೂಲಕ ಕೊಟ್ಟ ಲಾಗಾನ್ ಸ್ಕ್ರಿಪ್ಟ್ 5 ನಿಮಿಷ ತಡವಾಗಿ ಓಡುತ್ತದೆ. ಡೆಸ್ಕ್‌ಟಾಪ್ ಬೇಗ ಕಾಣಲಿ ಅಂತ ಮೈಕ್ರೋಸಾಫ್ಟ್ ಮಾಡಿದ ಏರ್ಪಾಡು. ನೌಕರರಿಗೆ ಇದು ಗೊತ್ತಿರುವುದಿಲ್ಲ. ಎರಡು ನಿಮಿಷ ಕಾದು, ಬರಲಿಲ್ಲ ಅಂತ ರೀಸ್ಟಾರ್ಟ್ ಮಾಡುತ್ತಾರೆ. ಲೆಕ್ಕ ಮತ್ತೆ ಮೊದಲಿಂದ ಶುರು. ಹೀಗೆ ಮೂರು ಸಲ ಮಾಡಿ ಫೋನ್ ಮಾಡುತ್ತಾರೆ.

ಸರ್ವರ್‌ನಲ್ಲಿ ಗ್ರೂಪ್ ಪಾಲಿಸಿ ತೆರೆದು ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಗ್ರೂಪ್ ಪಾಲಿಸಿ ಅಂತ ಇಳಿಯಿರಿ. ಅಲ್ಲಿ 'ಕಾನ್ಫಿಗರ್ ಲಾಗಾನ್ ಸ್ಕ್ರಿಪ್ಟ್ ಡಿಲೇ' ಇದೆ. ಅದನ್ನು ಡಿಸೇಬಲ್ ಮಾಡಿ, ಇಲ್ಲವೇ ಎನೇಬಲ್ ಮಾಡಿ 0 ನಿಮಿಷ ಕೊಡಿ. 'ನಾಟ್ ಕಾನ್ಫಿಗರ್ಡ್' ಅಂತ ಬಿಟ್ಟರೆ 5 ನಿಮಿಷವೇ. ಯೂಸರ್ ಪ್ರಾಪರ್ಟೀಸ್‌ನ ಪ್ರೊಫೈಲ್ ಟ್ಯಾಬ್‌ನಲ್ಲಿ ಹಳೇ ಪದ್ಧತಿಯಲ್ಲಿ ಕೊಟ್ಟ ಸ್ಕ್ರಿಪ್ಟ್‌ಗೆ ಈ ತಡ ಅನ್ವಯಿಸುವುದಿಲ್ಲ.

ಕರೆಂಟ್ ಹೋಗಿ ಬಂದ ದಿನ ಯಾರಿಗೂ ಬರುವುದಿಲ್ಲ

ನಮ್ಮ ಕಡೆ ಇದು ಜಾಸ್ತಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್, ಮಳೆ ಬಂದರೆ ಲೈನ್ ಟ್ರಿಪ್. ಯುಪಿಎಸ್ ಸ್ವಲ್ಪ ಹೊತ್ತು ತಡೆದು ಕೈಚೆಲ್ಲುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತುತ್ತಾರೆ. ಎಸ್‌ಎಸ್‌ಡಿ ಇರುವ ಡೆಸ್ಕ್‌ಟಾಪ್ ಅರೆ ನಿಮಿಷದಲ್ಲಿ ಎದ್ದು ಕೂರುತ್ತದೆ. ಸರ್ವರ್ ಮಾತ್ರ ನಿಧಾನ. ಸಣ್ಣ ಆಫೀಸಿನಲ್ಲಿ ಡೊಮೈನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್) ಒಂದೇ ಇರುತ್ತದೆ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೂಡ ಅದರಲ್ಲೇ. ತನ್ನನ್ನು ತಾನೇ ಹುಡುಕಿಕೊಂಡು ಎಲ್ಲ ಸೇವೆ ಶುರು ಮಾಡಲು ಅದಕ್ಕೆ ಇನ್ನೂ ಹೊತ್ತು ಬೇಕು. ಅಷ್ಟರಲ್ಲಿ ನೌಕರರು ನೆನಪಿನ ಪಾಸ್‌ವರ್ಡ್ ಮೇಲೆ ಲಾಗಿನ್ ಆಗಿ, ಡ್ರೈವ್ ಇಲ್ಲ ಅಂತ ಕೂತಿರುತ್ತಾರೆ.

ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಸಿಸ್ಟಮ್ ಈವೆಂಟ್ ಲಾಗ್‌ನಲ್ಲಿ ನೆಟ್‌ಲಾಗಾನ್ 5719 ಅಥವಾ ಗ್ರೂಪ್ ಪಾಲಿಸಿ 1129 ಇದ್ದರೆ ಇದೇ ಕಥೆ. ಲಾಗಿನ್ ಹೊತ್ತಿಗೆ ಡೊಮೈನ್ ಕಂಟ್ರೋಲರ್ ಸಿಗಲಿಲ್ಲ ಅಂತ ಅರ್ಥ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಮೊದಲು ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಕೇಬಲ್‌ಗಳೆಲ್ಲ ಸೇರುವ ಡಬ್ಬಿ) ಮತ್ತು ರೂಟರ್, ಆಮೇಲೆ ಸರ್ವರ್, ಕೊನೆಗೆ ಕಂಪ್ಯೂಟರ್‌ಗಳು, ಈ ಕ್ರಮದಲ್ಲಿ ಆನ್ ಮಾಡಿ. ಸರ್ವರ್ ಸಿದ್ಧವಾಯಿತಾ ತಿಳಿಯಲು ಅದರಲ್ಲಿ 'ನೆಟ್ ಶೇರ್' ಕಮಾಂಡ್ ಕೊಡಿ. ಪಟ್ಟಿಯಲ್ಲಿ ನೆಟ್‌ಲಾಗಾನ್, ಸಿಸ್‌ವಾಲ್ (ಸ್ಕ್ರಿಪ್ಟ್, ಪಾಲಿಸಿ ಇರುವ ಫೋಲ್ಡರ್‌ಗಳು) ಎರಡೂ ಕಂಡರೆ ಎಲ್ಲರೂ ಲಾಗಿನ್ ಆಗಬಹುದು. ಆಗಲೇ ಒಳಗಿರುವವರು ಸೈನ್ ಔಟ್ ಮಾಡಿ ಬರಲಿ. ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಲೈನ್ ಕೊಡಿಸಿ. ಸರ್ವರ್‌ಗೆ ಯುಪಿಎಸ್ ಇದ್ದು ಸ್ವಿಚ್ ಮಾತ್ರ ಗೋಡೆಯ ಪ್ಲಗ್‌ನಲ್ಲಿದ್ದರೆ ಏನುಪಯೋಗ, ಅಲ್ವಾ?

ಸರ್ವರ್ ಎದ್ದು ಬಹಳ ಹೊತ್ತಾದರೂ ಯಾರಿಗೂ ಸಿಗದಿದ್ದರೆ ಅದರ ನೆಟ್‌ವರ್ಕ್ ಪ್ರೊಫೈಲ್ ನೋಡಿ. ಡೊಮೈನ್ ಅಂತ ಇರಬೇಕಾದ ಕಡೆ ಪಬ್ಲಿಕ್ ಅಂತ ಬಿದ್ದಿದ್ದರೆ ಫೈರ್‌ವಾಲ್ ಎಲ್ಲರನ್ನೂ ತಡೆಯುತ್ತದೆ. ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಫೈರ್‌ವಾಲ್‌ನ್ನೇ ಆಫ್ ಮಾಡಿ ಬಿಡಬೇಡಿ.

ಇಂಟರ್ನೆಟ್ ಚೆನ್ನಾಗಿದೆ, ಸರ್ವರ್ ಮಾತ್ರ ಸಿಗುತ್ತಿಲ್ಲ

ಇಂಟರ್ನೆಟ್ ಕನೆಕ್ಷನ್‌ನವರು ಇತ್ತೀಚೆಗೆ ಬಂದು ಹೋಗಿದ್ದಾರಾ ಕೇಳಿ. ಹೌದು ಅಂದರೆ 'ಐಪಿಕಾನ್ಫಿಗ್ /ಆಲ್' ಕೊಟ್ಟು ಡಿಎನ್‌ಎಸ್ ಸರ್ವರ್ಸ್ ಸಾಲು ಓದಿ. ಅಲ್ಲಿ 8.8.8.8 ಅಥವಾ ರೂಟರ್‌ನ ವಿಳಾಸ ಇದ್ದರೆ ಕಳ್ಳ ಸಿಕ್ಕ. ನಿಮ್ಮ ಡೊಮೈನ್ ಸರ್ವರ್ ಎಲ್ಲಿದೆ ಅನ್ನುವುದು ಗೂಗಲ್‌ನ ಡಿಎನ್‌ಎಸ್‌ಗೆ ಗೊತ್ತಿಲ್ಲ. ಅಲ್ಲಿ ಡೊಮೈನ್ ಕಂಟ್ರೋಲರ್‌ನ ವಿಳಾಸವೇ ಇರಬೇಕು. "ಸೇಫ್ಟಿಗೆ ಇರಲಿ" ಅಂತ ಎರಡನೇ ಸಾಲಿನಲ್ಲಿ 8.8.8.8 ಹಾಕುವುದೂ ತಪ್ಪು. ಒಂದೊಂದು ದಿನ ಬರುತ್ತದೆ, ಒಂದೊಂದು ದಿನ ಇಲ್ಲ ಅನ್ನುವ ಕಾಟ ಅದರಿಂದಲೇ ಹುಟ್ಟುತ್ತದೆ. ಇಂಟರ್ನೆಟ್ ಹೆಸರುಗಳನ್ನು ಹುಡುಕುವ ಕೆಲಸ ಸರ್ವರ್‌ನ ಡಿಎನ್‌ಎಸ್ ಫಾರ್ವರ್ಡರ್‌ಗೆ ಬಿಡಿ.

ಹೊಸ ರೂಟರ್ ತಾನೇ ಐಪಿ ಹಂಚಲು ಶುರು ಮಾಡಿದ್ದರೂ ಇದೇ ಆಗುತ್ತದೆ. ಸರ್ವರ್ ಐಪಿ ಹಂಚುತ್ತಿದ್ದರೆ ರೂಟರ್‌ನ ಡಿಎಚ್‌ಸಿಪಿ, ಅಂದರೆ ಐಪಿ ಹಂಚುವ ಸೇವೆ, ಆಫ್ ಇರಲಿ.

ಖಚಿತಪಡಿಸಿಕೊಳ್ಳಲು ಸುಲಭ ದಾರಿ ಇದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್, ಡೊಮೈನ್‌ನ ಪೂರ್ತಿ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ನೆಟ್‌ಲಾಗಾನ್ ಅಂತ ಹೊಡೆಯಿರಿ. ಫೋಲ್ಡರ್ ತೆರೆದು ಒಳಗಿನ ಫೈಲ್ ಕಂಡರೆ ಕೇಬಲ್, ಡಿಎನ್‌ಎಸ್, ಪರ್ಮಿಷನ್ ಎಲ್ಲ ಒಟ್ಟಿಗೆ ಪಾಸ್. ಪಾಸ್‌ವರ್ಡ್ ಕೇಳಿದರೆ ಅಕೌಂಟ್ ಅಥವಾ ಗಡಿಯಾರ ಅನುಮಾನಿಸಿ. ಸಿಗುವುದೇ ಇಲ್ಲ ಅಂದರೆ ನೆಟ್‌ವರ್ಕ್ ಅಥವಾ ಡಿಎನ್‌ಎಸ್.

ಪಾಸ್‌ವರ್ಡ್ ಸರಿ ಇದ್ದರೂ ಮತ್ತೆ ಮತ್ತೆ ಕೇಳುತ್ತದೆ

ಪರದೆಯ ಕೆಳಮೂಲೆಯ ಗಡಿಯಾರ ನೋಡಿ. ಡೊಮೈನ್‌ನಲ್ಲಿ ಗುರುತು ಪತ್ತೆ ಮಾಡುವ ಕರ್ಬರೋಸ್ ಪದ್ಧತಿ ಮಾಮೂಲಿಯಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಸಹಿಸುವುದಿಲ್ಲ. ಹಳೇ ಡೆಸ್ಕ್‌ಟಾಪ್ ಆಫ್ ಮಾಡಿ ಹಾಕಿದಾಗೆಲ್ಲ ಹಳೇ ವರ್ಷದ ತಾರೀಖು ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ಸೆಲ್ ಹೋಗಿದೆ. ಸಾಮಾನ್ಯವಾಗಿ ಸಿಆರ್ 2032, ನಾಣ್ಯದಂತಿರುವ ಸೆಲ್. ಬದಲಾಯಿಸುವಾಗ ಪವರ್ ಕೇಬಲ್ ಪೂರ್ತಿ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ ಕೈ ಹಾಕಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ.

ಗಂಟೆ ಸರಿ ಕಂಡರೂ ಟೈಮ್ ಝೋನ್ ತಪ್ಪಿರಬಹುದು. ಯಾರೋ ಝೋನ್ ಸರಿ ಮಾಡುವ ಬದಲು ಗಂಟೆಯನ್ನೇ ತಿರುಗಿಸಿ ಕೂರಿಸಿರುತ್ತಾರೆ. ನೋಡಲು ಎಲ್ಲ ಸರಿ, ಒಳಗಿನ ಲೆಕ್ಕದಲ್ಲಿ ಗಂಟೆಗಟ್ಟಲೆ ವ್ಯತ್ಯಾಸ. ಭಾರತದ್ದು ಯುಟಿಸಿ +5:30. ಮೊದಲು ಝೋನ್ ಸರಿ ಮಾಡಿ, ಆಮೇಲೆ ಅಡ್ಮಿನ್ ಪ್ರಾಂಪ್ಟ್‌ನಲ್ಲಿ 'ಡಬ್ಲ್ಯೂ32ಟಿಎಂ /ರೀಸಿಂಕ್' ಕೊಡಿ.

ಇಷ್ಟೆಲ್ಲ ಸರಿ. ಸ್ಕ್ರಿಪ್ಟ್ ಓಡಿತಾ, ಇಲ್ಲವಾ?

ಊಹೆ ಬಿಟ್ಟು ಸ್ಕ್ರಿಪ್ಟ್‌ನಿಂದಲೇ ಉತ್ತರ ಪಡೆಯೋಣ. ಬ್ಯಾಚ್ ಫೈಲ್‌ನ (.ಬ್ಯಾಟ್ ಅಂತ ಮುಗಿಯುವ ಸ್ಕ್ರಿಪ್ಟ್) ಮೊದಲ ಸಾಲಿಗೆ ಇದನ್ನು ಸೇರಿಸಿ:

ಎಕೋ ಶುರು %ಡೇಟ್% %ಟೈಮ್% %ಲಾಗಾನ್‌ಸರ್ವರ್% >> %ಯೂಸರ್‌ಪ್ರೊಫೈಲ್%\ಲಾಗಾನ್.ಟಿಎಕ್ಸ್‌ಟಿ

ಕೊನೆಯ ಸಾಲಿಗೂ ಇದನ್ನೇ ಹಾಕಿ, 'ಶುರು' ಬದಲು 'ಮುಗೀತು' ಅಂತ ಬರೆಯಿರಿ. ಡ್ರೈವ್ ಜೋಡಿಸುವ ಪ್ರತಿ 'ನೆಟ್ ಯೂಸ್' ಸಾಲಿನ ಕೊನೆಗೆ ಅದೇ ಫೈಲ್‌ಗೆ >> ಕೊಟ್ಟು, ಮುಂದೆ 2>&1 ಸೇರಿಸಿ. ಎರರ್ ಸಂದೇಶವೂ ಫೈಲ್‌ಗೆ ಬೀಳುತ್ತದೆ. >> ಗುರುತಿಗೆ ಮುಂಚೆ ಒಂದು ಸ್ಪೇಸ್ ಬಿಡುವುದನ್ನು ಮರೆಯಬೇಡಿ. ಅದಕ್ಕೆ ಅಂಟಿಕೊಂಡು ಒಂಟಿ ಅಂಕಿ ಬಂದರೆ ವಿಂಡೋಸ್ ಅದನ್ನು ಬರೆಯುವುದರ ಬದಲು ಬೇರೆ ಅರ್ಥ ಮಾಡಿಕೊಳ್ಳುತ್ತದೆ.

ಈಗ ನೌಕರರ ಪ್ರೊಫೈಲ್ ಫೋಲ್ಡರ್ ತೆರೆದು ನೋಡಿ. ಫೈಲ್ ಹುಟ್ಟಿಲ್ಲ ಅಥವಾ ಇವತ್ತಿನ ಸಾಲಿಲ್ಲ ಅಂದರೆ ಸ್ಕ್ರಿಪ್ಟ್ ಓಡಿಲ್ಲ. 'ಶುರು' ಇದೆ, 'ಮುಗೀತು' ಇಲ್ಲ ಅಂದರೆ ಮಧ್ಯದಲ್ಲಿ ಸಿಕ್ಕಿಬಿದ್ದಿದೆ. ಎರಡೂ ಇದ್ದು ಡ್ರೈವ್ ಮಾತ್ರ ಇಲ್ಲ ಅಂದರೆ ನಡುವಿನ ಎರರ್ ಸಂಖ್ಯೆ ಓದಬೇಕು. ಇಲ್ಲಿಂದ ಮುಂದೆ ಮೂರು ದಾರಿ.

ಒಂದು ಎಚ್ಚರ. ಲಾಗಾನ್‌ಸರ್ವರ್ ಜಾಗದಲ್ಲಿ ಸರ್ವರ್ ಹೆಸರು ಕಂಡ ಮಾತ್ರಕ್ಕೆ ಈಗ ಸರ್ವರ್ ಸಿಕ್ಕಿದೆ ಅಂತ ಹೇಳಲಾಗದು. ನೆನಪಿನ ಲಾಗಿನ್‌ನಲ್ಲೂ ಹಳೇ ಹೆಸರು ಬರಬಹುದು. ಆದರೆ ಅಲ್ಲಿ ಅದೇ ಕಂಪ್ಯೂಟರ್‌ನ ಹೆಸರು ಬಂದರೆ ಲೋಕಲ್ ಅಕೌಂಟ್.

'ಶುರು' ಸಾಲೇ ಇಲ್ಲ; ಕೈಯಿಂದ ಡಬಲ್ ಕ್ಲಿಕ್ ಮಾಡಿದರೆ ಓಡುತ್ತದೆ

ಸ್ಕ್ರಿಪ್ಟ್ ಸರಿ ಇದೆ, ಅದನ್ನು ಕರೆಯುವವರು ಇಲ್ಲ. ಹಳೇ ಪದ್ಧತಿಯಾದರೆ ಯೂಸರ್ ಪ್ರಾಪರ್ಟೀಸ್‌ನ ಪ್ರೊಫೈಲ್ ಟ್ಯಾಬ್ ನೋಡಿ. ಅಲ್ಲಿ ಬರೀ ಫೈಲ್ ಹೆಸರು ಸಾಕು, ಉದಾಹರಣೆಗೆ ಲಾಗಾನ್.ಬ್ಯಾಟ್. ಸಿ ಡ್ರೈವ್‌ನಿಂದ ಶುರುವಾಗುವ ಉದ್ದದ ದಾರಿ ಹಾಕಿದರೆ ಓಡುವುದಿಲ್ಲ. ಫೈಲ್ ಹೆಸರನ್ನೂ ನಂಬಬೇಡಿ. ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಟೆನ್ಷನ್ ತೋರಿಸುವಂತೆ ಮಾಡಿದರೆ ಅದು ಲಾಗಾನ್.ಬ್ಯಾಟ್.ಟಿಎಕ್ಸ್‌ಟಿ ಆಗಿರುವುದು ಗೊತ್ತಾಗಬಹುದು. ನೋಟ್‌ಪ್ಯಾಡ್ ಮಾಡುವ ಚೇಷ್ಟೆ.

ಗ್ರೂಪ್ ಪಾಲಿಸಿಯಾದರೆ ಆ ನೌಕರರ ಲಾಗಿನ್‌ನಲ್ಲೇ 'ಜಿಪಿರಿಸಲ್ಟ್ /ಆರ್' ಕೊಡಿ. ಯೂಸರ್ ಸೆಟ್ಟಿಂಗ್ಸ್ ಕೆಳಗೆ ನಿಮ್ಮ ಪಾಲಿಸಿಯ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಪಾಲಿಸಿ ಆ ವ್ಯಕ್ತಿಗೆ ತಲುಪುತ್ತಿಲ್ಲ.

ತಲುಪದಿರಲು ಕಾರಣ ಹೆಚ್ಚಾಗಿ ಎರಡು. ಒಂದು, ಪಾಲಿಸಿಯನ್ನು ಕಂಪ್ಯೂಟರ್‌ಗಳಿರುವ ಓಯುಗೆ (ಡೊಮೈನ್‌ನಲ್ಲಿ ಅಕೌಂಟ್‌ಗಳನ್ನು ವಿಂಗಡಿಸಿಡುವ ಜಾಗ) ಲಿಂಕ್ ಮಾಡಿ ನೌಕರರ ಅಕೌಂಟ್‌ಗಳನ್ನು ಬೇರೆ ಓಯುನಲ್ಲಿ ಇಟ್ಟಿರುವುದು. ಲಾಗಾನ್ ಸ್ಕ್ರಿಪ್ಟ್ ಯೂಸರ್ ಕಡೆಯ ಸೆಟ್ಟಿಂಗ್, ನೌಕರರ ಅಕೌಂಟ್ ಎಲ್ಲಿದೆಯೋ ಅಲ್ಲಿಗೆ ಲಿಂಕ್ ಆಗಬೇಕು. ಬ್ರಾಂಚ್ ಬದಲಾದ ನೌಕರರ ಅಕೌಂಟ್‌ನ್ನು ಹೊಸ ಓಯುಗೆ ಎಳೆದು ಹಾಕಿದ ದಿನ ಈ ದೂರು ಶುರುವಾಗುತ್ತದೆ. ಎರಡನೆಯದು ಸೆಕ್ಯುರಿಟಿ ಫಿಲ್ಟರಿಂಗ್, ಅಂದರೆ ಪಾಲಿಸಿ ಯಾರಿಗೆ ಅನ್ನುವ ಪಟ್ಟಿ. "ಅಕೌಂಟ್ಸ್ ವಿಭಾಗಕ್ಕೆ ಮಾತ್ರ" ಅಂತ ಎಲ್ಲರೂ ಸೇರಿರುವ ಆಥೆಂಟಿಕೇಟೆಡ್ ಯೂಸರ್ಸ್ ಗುಂಪನ್ನು ತೆಗೆದು ಒಂದು ಗುಂಪನ್ನಷ್ಟೇ ಹಾಕಿರುತ್ತಾರೆ. 2016ರ ಜೂನ್‌ನಲ್ಲಿ ಬಂದ ಎಂಎಸ್16-072 ಅಪ್‌ಡೇಟ್ ಆದ ಮೇಲೆ ಯೂಸರ್ ಪಾಲಿಸಿಯನ್ನೂ ಕಂಪ್ಯೂಟರ್‌ನ ಅಕೌಂಟೇ ಓದುತ್ತದೆ. ಅದಕ್ಕೆ ಓದುವ ಹಕ್ಕಿಲ್ಲದಿದ್ದರೆ ಪಾಲಿಸಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಡೆಲಿಗೇಷನ್ ಟ್ಯಾಬ್‌ನಲ್ಲಿ ಡೊಮೈನ್ ಕಂಪ್ಯೂಟರ್ಸ್ ಗುಂಪಿಗೆ ರೀಡ್ ಮಾತ್ರ ಕೊಡಿ. ಫಿಲ್ಟರಿಂಗ್ ಹಾಗೇ ಇರಲಿ.

ಪವರ್‌ಶೆಲ್ ಸ್ಕ್ರಿಪ್ಟ್‌ಗೆ ಬೇರೆ ಟ್ಯಾಬ್ ಇದೆ. .ಪಿಎಸ್1 ಫೈಲನ್ನು ಮಾಮೂಲಿ ಸ್ಕ್ರಿಪ್ಟ್ಸ್ ಟ್ಯಾಬ್‌ಗೆ ಹಾಕಿದರೆ ಓಡುವುದಿಲ್ಲ. ವಿಬಿಸ್ಕ್ರಿಪ್ಟ್ ಇಟ್ಟುಕೊಂಡಿರುವವರು ಈಗಲೇ ಬದಲಾಯಿಸಲು ಶುರು ಮಾಡಿ. ಅದನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ.

'ಶುರು' ಇದೆ, 'ಮುಗೀತು' ಇಲ್ಲ

ಸ್ಕ್ರಿಪ್ಟ್ ಏನೋ ಕೇಳಿಕೊಂಡು ಕಾಯುತ್ತಿದೆ. ಗ್ರೂಪ್ ಪಾಲಿಸಿಯ ಸ್ಕ್ರಿಪ್ಟ್ ಕಣ್ಣಿಗೆ ಕಾಣದಂತೆ ಓಡುವುದರಿಂದ, ಒಳಗೆ 'ಪಾಸ್' ಅಂತ ಬರೆದ ಸಾಲು ಇದ್ದರೆ ಯಾರೂ ಕೀ ಒತ್ತಲಾರರು. ನಾನು ಹೇಳಿದ್ದು ಪಿ-ಎ-ಯು-ಎಸ್-ಇ, ಪರೀಕ್ಷೆಗೆ ಹಾಕಿ ತೆಗೆಯಲು ಮರೆತ ಸಾಲು. 10 ನಿಮಿಷ ಕಾದು, ಅಂದರೆ 600 ಸೆಕೆಂಡ್, ವಿಂಡೋಸ್ ತಾನೇ ಕೈಬಿಡುತ್ತದೆ. ಸ್ಕ್ರಿಪ್ಟ್ ಮುಗಿಯುವವರೆಗೆ ಕಾಯುವ ಪಾಲಿಸಿ ಆನ್ ಇದ್ದರೆ ನೌಕರರು ಅಷ್ಟು ಹೊತ್ತೂ ಡೆಸ್ಕ್‌ಟಾಪ್ ಇಲ್ಲದೆ ಕೂರಬೇಕು.

ಇನ್ನೊಂದು, ಸರ್ವರ್ ಹೆಸರಿನ ಬದಲು ಐಪಿ ವಿಳಾಸದಿಂದ ಪ್ರೋಗ್ರಾಂ ಓಡಿಸುವುದು. ಚುಕ್ಕೆ ಇರುವ ವಿಳಾಸವನ್ನು ವಿಂಡೋಸ್ ಹೊರಗಿನ ಜಾಗ ಅಂದುಕೊಂಡು "ಈ ಫೈಲ್ ಓಡಿಸಲೇ?" ಅಂತ ಕೇಳುತ್ತದೆ. ಆ ಪೆಟ್ಟಿಗೆಯೂ ಕಾಣುವುದಿಲ್ಲ. ಹೆಸರು ಬಳಸಿ, ಇಲ್ಲವೇ ಆ ವಿಳಾಸವನ್ನು ಲೋಕಲ್ ಇಂಟ್ರಾನೆಟ್ ಪಟ್ಟಿಗೆ ಸೇರಿಸಿ. ತೆಗೆದುಹಾಕಿದ ಹಳೇ ಸರ್ವರ್‌ನ ಸಾಲುಗಳು ಉಳಿದಿದ್ದರೂ ಒಂದೊಂದಕ್ಕೂ ಕಾಯುತ್ತಾ ಹೊತ್ತು ಹೋಗುತ್ತದೆ. ಅಳಿಸಿ.

ನಿನ್ನೆ ಯಾರೋ ಸ್ಕ್ರಿಪ್ಟ್ ತಿದ್ದಿದ್ದು ನಿಜವಾದರೆ ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿ (ಅಕ್ಷರ ಉಳಿಸುವ ರೀತಿ) ಸೇವ್ ಆಗಿದೆ ನೋಡಿ. ಬಿಒಎಂ (ಫೈಲ್‌ನ ಶುರುವಿನಲ್ಲಿ ಕೂರುವ ಕಾಣದ ಗುರುತು) ಇರುವ ಯುಟಿಎಫ್-8ನಲ್ಲಿ ಸೇವ್ ಆಗಿದ್ದರೆ ಮೊದಲ ಸಾಲಿನ ಮುಂದೆ ಮೂರು ವಿಚಿತ್ರ ಗುರುತು ಸೇರಿ ಆ ಸಾಲು ಕೆಡುತ್ತದೆ. ಯುಟಿಎಫ್-16 ಆದರೆ ಒಂದು ಸಾಲೂ ಓಡುವುದಿಲ್ಲ. ವಾಟ್ಸಾಪ್ ಅಥವಾ ವರ್ಡ್‌ನಿಂದ ಕಾಪಿ ಮಾಡಿದ್ದರೆ ಉದ್ಧರಣ ಚಿಹ್ನೆಗಳು ಬಾಗಿದ ರೂಪಕ್ಕೆ ತಿರುಗಿರುತ್ತವೆ. ಕಮಾಂಡ್‌ಗೆ ಅವು ಅರ್ಥವಾಗುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳದ್ದು ಇನ್ನೊಂದು ರಗಳೆ. ನುಡಿಯ ಹಳೇ ಫಾಂಟ್‌ನಲ್ಲಿ ಬೆರಳಚ್ಚಿಸಿದ ಹೆಸರು ಡಿಸ್ಕ್‌ನಲ್ಲಿ ಇಂಗ್ಲಿಷ್ ಗೋಜಲಾಗಿ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಬರೆದಿದ್ದರೆ ಬ್ಯಾಚ್ ಫೈಲ್ ಅದನ್ನು ಬೇರೆ ಕೋಡ್ ಪೇಜ್‌ನಲ್ಲಿ (ಅಕ್ಷರಗಳ ಪಟ್ಟಿ) ಓದಿ ತಪ್ಪುತ್ತದೆ. ಕನ್ನಡದ ಮೇಲೆ ನನಗೂ ಅಭಿಮಾನವಿದೆ, ಆದರೆ ಸ್ಕ್ರಿಪ್ಟ್ ಮುಟ್ಟುವ ಶೇರ್ ಫೋಲ್ಡರ್‌ಗೆ ಇಂಗ್ಲಿಷ್ ಹೆಸರು, ಸ್ಪೇಸ್ ಇಲ್ಲದೆ, ಇಡುವುದೇ ಕ್ಷೇಮ. ಒಳಗಿನ ಫೈಲ್‌ಗಳಿಗೆ ಕನ್ನಡ ಹೆಸರು ಎಷ್ಟು ಬೇಕಾದರೂ ಇರಲಿ.

ಪೂರ್ತಿ ಓಡಿದೆ, ಡ್ರೈವ್ ಕಾಣುತ್ತಿಲ್ಲ

ಲಾಗಾನ್.ಟಿಎಕ್ಸ್‌ಟಿಯಲ್ಲಿ ಬಿದ್ದ ಸಂಖ್ಯೆ ನೋಡಿ. 85 ಅಂದರೆ ಆ ಅಕ್ಷರ ಆಗಲೇ ಬಳಕೆಯಲ್ಲಿದೆ. ಪೆನ್‌ಡ್ರೈವೋ ಹಳೇ ಮ್ಯಾಪಿಂಗೋ ಕೂತಿರುತ್ತದೆ. ಸ್ಕ್ರಿಪ್ಟ್‌ನಲ್ಲಿ ಮೊದಲು ಹಳೆಯದನ್ನು 'ನೆಟ್ ಯೂಸ್ ಝಡ್: /ಡಿಲೀಟ್ /ವೈ' ಅಂತ ತೆಗೆಸಿ. 53 ಅಂದರೆ ಸರ್ವರ್ ಸಿಗುತ್ತಿಲ್ಲ. 67 ಅಂದರೆ ಶೇರ್ ಹೆಸರು ತಪ್ಪು ಅಥವಾ ಶೇರ್ ತೆಗೆದಿದ್ದಾರೆ. 5 ಪರ್ಮಿಷನ್ ಇಲ್ಲ. 1219 ಬಂದರೆ ಅದೇ ಸರ್ವರ್‌ಗೆ ಬೇರೆ ಹೆಸರಿನಲ್ಲಿ ಆಗಲೇ ಸಂಪರ್ಕ ಇದೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಯಾರೋ ಉಳಿಸಿಟ್ಟ ಪಾಸ್‌ವರ್ಡ್ ಅಳಿಸಿ.

ಎರರ್ ಒಂದೂ ಇಲ್ಲ, ಡ್ರೈವೂ ಇಲ್ಲ. ಇದು ತಲೆ ಕೆಡಿಸುವಂಥದ್ದು. ಆ ನೌಕರರು ಆ ಕಂಪ್ಯೂಟರ್‌ನ ಅಡ್ಮಿನ್ ಆಗಿದ್ದಾರಾ ನೋಡಿ. ಅಡ್ಮಿನ್ ಆಗಿದ್ದರೆ ವಿಂಡೋಸ್ ಅವರಿಗೆ ಎರಡು ಗುರುತು ಕೊಡುತ್ತದೆ, ಪೂರ್ತಿ ಅಧಿಕಾರದ್ದು ಒಂದು, ಕಡಿಮೆಯದು ಒಂದು. ಗ್ರೂಪ್ ಪಾಲಿಸಿಯ ಸ್ಕ್ರಿಪ್ಟ್ ಮೊದಲನೆಯದರಲ್ಲಿ ಡ್ರೈವ್ ಜೋಡಿಸುತ್ತದೆ. ಎಕ್ಸ್‌ಪ್ಲೋರರ್ ಎರಡನೆಯದರಲ್ಲಿ ತೆರೆಯುತ್ತದೆ. ಒಬ್ಬರೇ ಆದರೂ ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಕಾಣುವುದಿಲ್ಲ. ಮಾಮೂಲಿ ಪ್ರಾಂಪ್ಟ್‌ನಲ್ಲಿ 'ನೆಟ್ ಯೂಸ್' ಕೊಡಿ, ಆಮೇಲೆ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಮಾಡಿ ಅದನ್ನೇ ಕೊಡಿ. ಎರಡನೆಯದರಲ್ಲಿ ಮಾತ್ರ ಝಡ್ ಕಂಡರೆ ಇದೇ ಕಾರಣ.

ಒಳ್ಳೆಯ ಪರಿಹಾರ ಅಂದರೆ ನೌಕರರನ್ನು ಅಡ್ಮಿನ್ ಗುಂಪಿನಿಂದ ತೆಗೆಯುವುದು. ಅಡ್ಮಿನ್ ಇಲ್ಲದೆ ಅಕೌಂಟಿಂಗ್ ಸಾಫ್ಟ್‌ವೇರ್ ಓಡಲ್ಲ ಅನ್ನುವ ಮಾತು ಹೆಚ್ಚಿನ ಸಲ ಒಂದು ಫೋಲ್ಡರ್‌ಗೆ ಬರೆಯುವ ಹಕ್ಕು ಕೊಟ್ಟರೆ ಮುಗಿಯುತ್ತದೆ. ರಿಜಿಸ್ಟ್ರಿಯಲ್ಲಿ 'ಎನೇಬಲ್ ಲಿಂಕ್ಡ್ ಕನೆಕ್ಷನ್ಸ್' ಬೆಲೆ 1 ಮಾಡಿ ರೀಸ್ಟಾರ್ಟ್ ಮಾಡುವ ದಾರಿಯೂ ಇದೆ. ಆದರೆ ಅದು ಭದ್ರತೆ ಸಡಿಲಿಸುತ್ತದೆ. ಯುಎಸಿ (ಅಡ್ಮಿನ್ ಕೆಲಸಕ್ಕೆ ಮುಂಚೆ ಅನುಮತಿ ಕೇಳುವ ಏರ್ಪಾಡು) ಪೂರ್ತಿ ಆಫ್ ಮಾಡುವುದಂತೂ ಬೇಡವೇ ಬೇಡ.

ಬ್ರಾಂಚ್‌ನಲ್ಲಿ, ವೈಫೈನಲ್ಲಿ ಮಾತ್ರ ತೊಂದರೆ

ವೈಫೈ ಸೇರಿಕೊಳ್ಳುವ ಮುಂಚೆಯೇ ಲಾಗಿನ್ ಆಗಿಬಿಟ್ಟರೆ ಸ್ಕ್ರಿಪ್ಟ್ ತಪ್ಪುತ್ತದೆ. ಸಿಸ್ಟಮ್, ಲಾಗಾನ್ ಕೆಳಗಿನ 'ಆಲ್ವೇಸ್ ವೇಟ್ ಫಾರ್ ದ ನೆಟ್‌ವರ್ಕ್' ಪಾಲಿಸಿ ಆನ್ ಮಾಡಿ. ಕೇಬಲ್ ಇದ್ದೂ ಹೀಗಾದರೆ ಮ್ಯಾನೇಜ್ಡ್ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ಕೇಬಲ್ ಜೋಡಣೆಯಲ್ಲಿ ಸುತ್ತು ಬೀಳದಂತೆ ತಡೆಯುವ ಏರ್ಪಾಡು) ನೋಡಿ. ಹಳೇ ಪದ್ಧತಿಯಲ್ಲಿ ಪೋರ್ಟ್ ತೆರೆಯಲು 30 ಸೆಕೆಂಡ್ ಬೇಕು. ಕಂಪ್ಯೂಟರ್ ಇರುವ ಪೋರ್ಟ್‌ಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಕೊಡಿ.

ಸರ್ವರ್ ದಾವಣಗೆರೆಯಲ್ಲಿದ್ದು ಬ್ರಾಂಚ್ ಚಿತ್ರದುರ್ಗದಲ್ಲೋ ಹಿರಿಯೂರಲ್ಲೋ ಇದ್ದರೆ, ಜಿಪಿರಿಸಲ್ಟ್‌ನಲ್ಲಿ 'ಸ್ಲೋ ಲಿಂಕ್' ಸಾಲು ಓದಿ. 500 ಕಿಲೋಬಿಟ್‌ಗಿಂತ ಕಡಿಮೆ ಅಂತ ಕಂಡರೆ ವಿಂಡೋಸ್ ಸ್ಕ್ರಿಪ್ಟ್ ಪಾಲಿಸಿಯ ಬದಲಾವಣೆ ತೆಗೆದುಕೊಳ್ಳುವುದಿಲ್ಲ. ಎರಡು ಕಡೆಯೂ ಡೊಮೈನ್ ಕಂಟ್ರೋಲರ್ ಇದ್ದರೆ, ಎರಡರ ನೆಟ್‌ಲಾಗಾನ್ ಫೋಲ್ಡರನ್ನೂ ಸರ್ವರ್ ಹೆಸರಿನಿಂದ ತೆರೆದು ಫೈಲ್‌ನ ತಾರೀಖು ಹೋಲಿಸಿ. ಬೇರೆ ಬೇರೆ ಇದ್ದರೆ ರೆಪ್ಲಿಕೇಷನ್, ಅಂದರೆ ಒಂದು ಸರ್ವರ್‌ನ ಬದಲಾವಣೆ ಇನ್ನೊಂದಕ್ಕೆ ತಲುಪುವುದು, ನಿಂತಿದೆ.

ಇಲ್ಲಿ ಕೈ ನಿಲ್ಲಿಸಿ

ರೆಪ್ಲಿಕೇಷನ್ ನಿಂತಿದ್ದರೆ, ಸಿಸ್‌ವಾಲ್ ಖಾಲಿ ಇದ್ದರೆ, ಎಲ್ಲ ಕಂಪ್ಯೂಟರ್‌ನಲ್ಲೂ ಗ್ರೂಪ್ ಪಾಲಿಸಿ 1058 ಎರರ್ (ಪಾಲಿಸಿ ಫೈಲ್ ಓದಲಾಗಲಿಲ್ಲ) ಬರುತ್ತಿದ್ದರೆ ಸರ್ವರ್ ಗೊತ್ತಿರುವವರನ್ನು ಕರೆಯಿರಿ. ಹಳೇ ಬ್ಯಾಕಪ್‌ನಿಂದ ಫೈಲ್ ತಂದು ಸುರಿದರೆ ಇನ್ನೂ ಹದಗೆಡುತ್ತದೆ. "ಟ್ರಸ್ಟ್ ರಿಲೇಷನ್‌ಶಿಪ್ ಫೇಲ್ಡ್" ಅಂತ ಬಂದಾಗ ಡೊಮೈನ್‌ನಿಂದ ತೆಗೆದು ಸೇರಿಸುವ ಮುನ್ನ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಮತ್ತು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಕೈಯಲ್ಲಿರಲಿ. ಇಲ್ಲದಿದ್ದರೆ ಆ ಕಂಪ್ಯೂಟರ್ ಒಳಗೆ ಹೋಗಲು ನಿಮಗೇ ದಾರಿ ಇರುವುದಿಲ್ಲ.

ನೆಟ್‌ಲಾಗಾನ್ ಫೋಲ್ಡರ್‌ಗೆ 'ಎವ್ರಿವನ್ ಫುಲ್ ಕಂಟ್ರೋಲ್' ಕೊಟ್ಟು ಸಮಸ್ಯೆ ಬಗೆಹರಿಸಬೇಡಿ. ಅಲ್ಲಿ ಬರೆಯಬಲ್ಲವರು ಇಡೀ ಆಫೀಸಿನ ಕಂಪ್ಯೂಟರ್‌ಗಳಲ್ಲಿ ಏನು ಬೇಕಾದರೂ ಓಡಿಸಬಲ್ಲರು. ಸ್ಕ್ರಿಪ್ಟ್ ಒಳಗೆ ಪಾಸ್‌ವರ್ಡ್ ಬರೆಯಬೇಡಿ, ಆ ಫೈಲನ್ನು ಎಲ್ಲ ನೌಕರರೂ ಓದಬಹುದು. ಸ್ಕ್ರಿಪ್ಟ್‌ನಲ್ಲಿ ಯಾರೂ ಬರೆಯದ ಸಾಲು ಕಂಡರೆ ಓಡಿಸಿ ನೋಡಬೇಡಿ, ಹೊರಗಿನವರು ನುಗ್ಗಿರಬಹುದು. ಸರ್ವರ್‌ನ ಲ್ಯಾನ್ ಕೇಬಲ್ ಕಿತ್ತು, ಏನನ್ನೂ ಅಳಿಸದೆ, ತಿಳಿದವರನ್ನು ಕರೆಯಿರಿ. ಇಂಥ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಸೂಚನೆ ಹೊರಡಿಸಿದೆ.

ಕರೆಯುವ ಮುಂಚೆ ಇಷ್ಟು ಕಳಿಸಿಡಿ: ಲಾಗಾನ್.ಟಿಎಕ್ಸ್‌ಟಿ ಫೈಲ್, 'ಜಿಪಿರಿಸಲ್ಟ್ /ಎಚ್' ಕೊಟ್ಟು ತೆಗೆದ ವರದಿ, 'ಐಪಿಕಾನ್ಫಿಗ್ /ಆಲ್' ಪರದೆಯ ಫೋಟೋ, ಎಷ್ಟು ಜನರಿಗೆ ತೊಂದರೆ, ಕೊನೆಯ ಸಲ ಯಾವತ್ತು ಸರಿ ಇತ್ತು. ಆ ದಿನದ ನಂತರ ಆಫೀಸಿಗೆ ಯಾರು ಬಂದು ಏನು ಮುಟ್ಟಿದರು ಅನ್ನುವುದನ್ನೂ ಮುಚ್ಚಿಡದೆ ಬರೆಯಿರಿ. ಬಂದವರು ಮೊದಲು ಕೇಳುವುದು ಅದನ್ನೇ.